ತಿರುಗಿ ಇಟ್ಟ ಹೆಸರು

ಅಂಗಳದ ಈ ತುದಿಯಿಂದ ಆ ತುದಿಗೆ ಗೂಟ ಬಡಿದು ಕಂಬಳಿಯ ನೂಲು ಎಳೆದು ಕಟ್ಟಿದ್ದೆವು. ಹುಣಸೆಬೀಜದ ಗಂಜಿಯಲ್ಲಿ ಕುಂಚ ಅದ್ದಿ ಎಳೆ ಎಳೆಗೂ ಬಳಿಯುತ್ತ ನಾನು ಅರ್ಧಕ್ಕೆ ಬಂದಿದ್ದೆ. ಈ ಕೆಲಸ ನಡುವೆ ನಿಲ್ಲಿಸುವಂಥದ್ದಲ್ಲ. ನಿಲ್ಲಿಸಿದರೆ ಒಂದು ಕಡೆ ಒಣಗಿ ಇನ್ನೊಂದು ಕಡೆ ಹಸಿಯಾಗಿ ಉಳಿದು, ಮಗ್ಗಕ್ಕೆ ಏರಿಸಿದ ಮೇಲೆ ನೂಲು ಹರಿಯುತ್ತದೆ. ಅದಕ್ಕೇ ಬಾಗಿಲ ಮುಂದೆ ಮೋಟರ್‌ಸೈಕಲ್ ನಿಂತ ಸಪ್ಪಳ ಕೇಳಿದರೂ ತಲೆ ಎತ್ತಲಿಲ್ಲ.

“ಆಯಿ, ಮನಿಗೆ ಬಂದ ಮಂದೀನ ಹೊಳ್ಳಿ ನೋಡೂದಿಲ್ಲೇನ್ರಿ ನೀವು?”

ದನಿಯಿಂದಲೇ ಗಫಾರ ಸರ್ ಎಂದು ತಿಳಿಯಿತು.

“ನೋಡಿದ್ರ ನೂಲು ಒಣಗತೈತ್ರಿ ಸರ. ಕುಂಡ್ರರಿ. ಸೀತಾ, ಸರಗ ಚಾ ಇಡ.”

“ಸಕ್ರಿ ಹಾಕಬ್ಯಾಡ್ರಿ ಸೀತವ್ವ. ಸಕ್ರಿ ಬ್ಯಾನಿ ಬಂದೈತಿ. ಹಾಕೂದಿದ್ರ ಒಂದ ಸಣ್ಣ ಚಮಚಾ ಹಾಕ್ರಿ.”

“ಬೇಕಂದ್ರೊ, ಬ್ಯಾಡಂದ್ರೊ?” ಒಳಗಿನಿಂದ ನನ್ನ ಸೊಸೆ ಕೇಳಿದಳು.

“ಡಾಕ್ಟರ ಬ್ಯಾಡಂದಾನ. ನಾ ಬೇಕನ್ನಾಕತ್ತೇನಿ.”

ಗಫಾರ ಸರ್ ಮೂಡಲಗಿಯ ಹೈಸ್ಕೂಲಿನಲ್ಲಿ ಆಟ ಕಲಿಸುವ ಮಾಸ್ತರರಾಗಿದ್ದವರು. ನನ್ನ ಮೊಮ್ಮಗಳು ದ್ರಾಕ್ಷಾಯಿಣಿಯನ್ನು ಓಡುವವಳನ್ನಾಗಿ ಮಾಡಿದವರು ಅವರೇ. ಅವಳಂತೆ ಅವರೂ ನನ್ನನ್ನು ಆಯಿ ಎಂದೇ ಕರೆಯುತ್ತಾರೆ. ಅವಳು ಮನೆಗೆ ಬರುವುದನ್ನು ಬಿಟ್ಟ ಮೇಲೂ ಎರಡು ಮೂರು ತಿಂಗಳಿಗೊಮ್ಮೆ ಕುಲಗೋಡಕ್ಕೆ ಬಂದು ಅವಳ ಸುದ್ದಿ ಹೇಳಿ ಹೋಗುತ್ತಾರೆ. ಆದರೆ ಆ ದಿನ ಚಹಾ ಕುಡಿಯುವವರೆಗೂ ಸುದ್ದಿ ಹೇಳಲಿಲ್ಲ. ಬಟ್ಟಲು ಕೆಳಗಿಟ್ಟು ಫೋನು ತೆಗೆದು, ನಾನು ನೂಲಿನ ಆಚೆ ಬದಿಗೆ ಇದ್ದೆನಲ್ಲ, ಅಲ್ಲಿಗೇ ಬಂದು ನಿಂತರು.

“ಹುಡಿಗ್ಯಾರ ಕ್ರೀಡಾ ಹಾಸ್ಟೆಲ್ಲಿಗೆ ಓಟ ಕಲಸಾವ್ರನ್ನ ತಗೋಳಾಕತ್ತಾರ್ರಿ. ನಾ ಬೆನ್ನ ಹತ್ತಿ ಅಕಿ ಕಡೆ ಅರ್ಜಿ ತುಂಬಿಸೇನಿ. ಎಷ್ಟ ದಿನಾ ಅಂತ ಆ ಖಾಸಗಿ ಸಾಲ್ಯಾಗ ಪ್ರಾರ್ಥನಾಕ್ಕ ಸಾಲು ಹಚ್ಚಕೋತ ನಿಂದರತಾಳ? ನಿನ್ನಿ ಅರ್ಜಿ ಫೋಟೋ ಕಳಿಸಿದ್ಲು. ನೀವ ಓದ್ರಿ.”

ನಾನು ಕುಂಚ ಕೆಳಗಿಟ್ಟೆ. ಅಚ್ಚಿನ ಅಕ್ಷರದಲ್ಲಿ ಒಂದು ಪ್ರಶ್ನೆ ಇತ್ತು: ಈ ಹಿಂದೆ ಯಾವುದಾದರೂ ಶಿಸ್ತುಕ್ರಮಕ್ಕೆ ಒಳಗಾಗಿದ್ದೀರಾ? ಅದರ ಕೆಳಗೆ ಅವಳ ಕೈಬರಹ. ‘ಹೌದು. ವಯಸ್ಸು ಕಡಿಮೆ ತೋರಿಸಿ ಓಡಿದ್ದೆ. ಎರಡು ವರ್ಷ ನಿಷೇಧ ಮಾಡಿದರು. ತಪ್ಪು ನನ್ನದು ಮತ್ತು ನನ್ನ ಮನೆಯವರದು.’

“ಆರು ವರ್ಷ ಅಕಿ ‘ನಾ ಮಾಡಿಲ್ಲರಿ ಸರ’ ಅಂದ್ಕೋತ ಬಂದ್ಲು” ಎಂದರು ಗಫಾರ ಸರ್. “ಈಗ ಮಾಡೇನಿ ಅಂತ ತನ್ನ ಕೈಲೆ ಬರದಾಳ. ಯಾಕವಾ ಅಂತ ಕೇಳಿದ್ರ, ‘ಇಷ್ಟ ಮಂದಿ ಅಂತಾರಂದ್ರ ಖರೆ ಇರಬೇಕ್ರಿ. ನಮ್ಮ ಆಯೀನ ಬಾಯಿ ಬಿಡಲಿಲ್ಲ’ ಅಂದ್ಲು. ದಣದ ಬರದಾಳೊ, ನಂಬಿ ಬರದಾಳೊ ನನಗ ತಿಳೀವಲ್ದು.”

ನಾನು ಫೋನು ತಿರುಗಿ ಕೊಟ್ಟೆ.

“ಅರ್ಜಿ ಮುಟ್ಟಸಾಕ ಇನ್ನ ಎಂಟ ದಿನ ಐತ್ರಿ. ನಾ ಯಾರಿಗೂ ಬೈಯಾಕ ಬಂದಿಲ್ಲ ಆಯಿ. ನಿಮ್ಮ ಮನ್ಯಾಗ ಏನರ ಗೊತ್ತಿದ್ದದ್ದ ಇದ್ರ ಅಕಿಗರ ಹೇಳ್ರಿ. ನನಗ ಹೇಳಬ್ಯಾಡ್ರಿ, ಅಕಿಗೆ ಹೇಳ್ರಿ.”

ಅವರು ಹೋದ ಮೇಲೆ ನೋಡಿದರೆ ನೂಲಿನ ಅರ್ಧ ಭಾಗ ಕಡ್ಡಿಯಂತೆ ಒಣಗಿ ನಿಂತಿತ್ತು.

ದ್ರಾಕ್ಷಾಯಿಣಿ ಸುಳ್ಳು ಹೇಳಿ ಓಡಿದವಳಲ್ಲ. ಸುಳ್ಳು ಹೇಳಿದವಳು ನಾನು. ಅದೂ ಅವಳ ಎದುರಿಗೇ, ಗೋಕಾಕದಲ್ಲಿ, ಮೂವರು ದೊಡ್ಡ ಮನುಷ್ಯರ ಮುಂದೆ ಹೇಳಿ ಹೆಬ್ಬೆಟ್ಟು ಒತ್ತಿ ಬಂದಿದ್ದೇನೆ.

ಅವಳ ಓಟ ಮೊದಲು ಗಫಾರ ಸರ್ ಕಣ್ಣಿಗೆ ಬಿದ್ದದ್ದು ಗೋಕಾಕ ತಾಲೂಕಿನ ಆಟದಲ್ಲಿ. ಆಗ ಅವಳಿಗೆ ಹತ್ತು ವರ್ಷ. ಓಟ ಎಲ್ಲಿ ಮುಗಿಯುತ್ತದೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಸುಣ್ಣದ ಗೆರೆ ದಾಟಿ, ಕುಳಿತ ಮಂದಿಯ ನಡುವೆ ಹಾದು, ಮೈದಾನದ ಗೋಡೆ ಮುಟ್ಟಿಯೇ ನಿಂತಳಂತೆ. ಗೋಡೆ ಮುಟ್ಟಿ ಹಿಂತಿರುಗಿ ನೋಡಿದಾಗ ಉಳಿದ ಹುಡುಗಿಯರು ಇನ್ನೂ ಗೆರೆಗೆ ಬರುತ್ತಿದ್ದರಂತೆ. ಇದನ್ನು ಗಫಾರ ಸರ್ ಸಾವಿರ ಸಲ ಹೇಳಿದ್ದಾರೆ. ಪ್ರತಿ ಸಲ ಉಳಿದ ಹುಡುಗಿಯರು ಇನ್ನಷ್ಟು ಹಿಂದೆ ಉಳಿಯುತ್ತಾರೆ.

ಮುಂದೆ ಕಾಲುವೆಯ ದಂಡೆಯ ಮೇಲೆ ನಸುಕಿನಲ್ಲಿ ಓಡಿಸತೊಡಗಿದರು. ನಾಯಿ ಬೆನ್ನು ಹತ್ತುತ್ತವೆಂದು ನಾನು ಕೋಲು ಹಿಡಿದು ಹೋಗುತ್ತಿದ್ದೆ. ನನ್ನ ಮಗ ಬೀರಸಿದ್ದಪ್ಪ ವರ್ಷದ ಎಂಟು ತಿಂಗಳು ಕುರಿಯ ಹಿಂದೆ ಇರುವವನು. ಸೀತವ್ವನಿಗೆ ಮನೆ, ಹಿತ್ತಿಲು. ಹೀಗಾಗಿ ಹುಡುಗಿಯ ಕೂಡ ಹೋಗುವವಳು ನಾನೇ. ಸರ್ ನನ್ನ ಕೈಗೆ ಸ್ಟಾಪ್‌ವಾಚು ಕೊಟ್ಟರು. ನನಗೆ ಆಗ ಅಂಕಿ ಓದಲು ಬರುತ್ತಿರಲಿಲ್ಲ. ಅವಳು ನನ್ನ ಕೋಲು ದಾಟಿದ ಕ್ಷಣ ಗುಂಡಿ ಒತ್ತುವುದಷ್ಟೇ ನನ್ನ ಕೆಲಸ. ಒತ್ತಿ, ಆ ಪುಟ್ಟ ಯಂತ್ರವನ್ನು ಅಂಗೈಯಲ್ಲಿ ಅಲುಗಾಡದಂತೆ ಹಿಡಿದು ಸರ್ ಹತ್ತಿರ ಒಯ್ಯುತ್ತಿದ್ದೆ, ಅಲುಗಾಡಿದರೆ ಅಂಕಿ ಚೆಲ್ಲುತ್ತವೆ ಎಂಬಂತೆ.

ಊರಲ್ಲಿ ನಗುವವರಿಗೇನು ಕೊರತೆ ಇರಲಿಲ್ಲ. ಉದ್ದಪ್ಪ ಕಟ್ಟೆಯ ಮೇಲೆ ಕುಳಿತು, “ಏ ಶಿವವ್ವ, ಬ್ಯಾರೆಯವ್ರ ಹೊಲಾ ಹೊಕ್ಕ ಕುರಿ ಹೊಡ್ಯಾಕ ಇಷ್ಟ ಓಟ ಕಲಸಬೇಕೇನ ಬೇ?” ಎನ್ನುತ್ತಿದ್ದ.

“ಹೂಂ, ನಿನ್ನ ಹೊಲದ ಕಡೇನ ಬರ್ತೇವಿ, ತಯಾರಿರ” ಎಂದು ನಾನು ಮುಂದೆ ಹೋಗುತ್ತಿದ್ದೆ.

ಮೂಡಲಗಿಯ ಫಯಾಜ ವೆಲ್ಡಿಂಗ್ ಮಾಡುವವನು. ಓಟ ಶುರು ಮಾಡುವಾಗ ಕಾಲು ಒತ್ತಿ ನಿಲ್ಲುವ ಕಬ್ಬಿಣದ ಸಾಮಾನು ಇರುತ್ತದಲ್ಲ, ಅದನ್ನು ಗಫಾರ ಸರ್ ಫೋನಿನಲ್ಲಿ ತೋರಿಸಿದ್ದನ್ನು ನೋಡಿ ಹಳೆಯ ನೇಗಿಲಿನ ಪಟ್ಟಿಯಿಂದ ಮಾಡಿಕೊಟ್ಟ. ಅದರ ಮೇಲೆ ಕಾಲಿಟ್ಟು ಬಗ್ಗಿದರೆ ಹುಡುಗಿಯ ಬೆನ್ನು ಕಂಪಿಸುತ್ತಿತ್ತು. ಸರ್ ಚಪ್ಪಾಳೆ ತಟ್ಟಿದರೆ ಸಾಕು, ಅವಳು ಇದ್ದ ಜಾಗದಲ್ಲಿ ಧೂಳಷ್ಟೇ ಉಳಿಯುತ್ತಿತ್ತು.

ಜಿಲ್ಲೆ, ವಿಭಾಗ, ರಾಜ್ಯ. ಹದಿನೈದು ತುಂಬಿದ ವರ್ಷ ದೇಶದ ಆಟಕ್ಕೆ ಆಂಧ್ರದ ಕಡೆ ಹೋದಳು. ಹದಿನೆಂಟರೊಳಗಿನ ಹುಡುಗಿಯರ ನೂರು ಮೀಟರು. ಸಂಜೆ ಫೋನು ಬಂತು. ಗಫಾರ ಸರ್ ಏನೂ ಮಾತಾಡದೆ ಅಳುತ್ತಿದ್ದರು. ಸೋತಳೆಂದೇ ತಿಳಿದು ನಾನು, “ಇರ್ಲಿ ಬಿಡ್ರಿ ಸರ, ಸಣ್ಣ ಹುಡಿಗಿ” ಎಂದು ಸಮಾಧಾನ ಮಾಡತೊಡಗಿದೆ. “ಬಂಗಾರರೀ ಆಯಿ, ಬಂಗಾರ!” ಎಂದರು. ಅವಳ ವೇಳೆ ಹನ್ನೆರಡು ಸೆಕೆಂಡಿಗೆ ಕೂದಲೆಳೆಯಷ್ಟು ಹೆಚ್ಚು. ಆ ವರ್ಷ ಅವಳ ವಯಸ್ಸಿನಲ್ಲಿ ದೇಶದಲ್ಲಿ ಅವಳಷ್ಟು ಜೋರಾಗಿ ಓಡಿದ ಹುಡುಗಿ ಇನ್ನೊಬ್ಬಳಿಲ್ಲ. ಊರವರು ಟ್ರ್ಯಾಕ್ಟರಿನ ಮೇಲೆ ಕೂರಿಸಿ ಮೆರೆಸಿದರು. ಅವಳು ಎರಡು ದಿನ ರೈಲಿನಲ್ಲಿ ನಿದ್ದೆಗೆಟ್ಟವಳು, ಹಾರದೊಳಗೆ ಮುಖ ಹುಗಿದು ಕುಳಿತಲ್ಲೇ ಮಲಗಿಬಿಟ್ಟಿದ್ದಳು.

ಎರಡು ತಿಂಗಳು ಕಳೆಯಿತು. ಯಾರೋ ಹೆಸರು ಹಾಕದೆ ಅರ್ಜಿ ಬರೆದರು. ಜೊತೆಗೆ ನಮ್ಮ ಪಂಚಾಯ್ತಿಯ ಜನನ ಪುಸ್ತಕದ ಪ್ರತಿ ಲಗತ್ತಿಸಿದ್ದರು. ಹೆಸರು ದ್ರಾಕ್ಷಾಯಿಣಿ, ತಂದೆ ಬೀರಸಿದ್ದಪ್ಪ, ತಾಯಿ ಸೀತವ್ವ, ಊರು ಕುಲಗೋಡ. ಹುಟ್ಟಿದ್ದು ಎರಡು ಸಾವಿರದ ಒಂದನೆಯ ಇಸವಿಯ ಶ್ರಾವಣದಲ್ಲಿ. ಶಾಲೆಯ ದಾಖಲೆಯಲ್ಲಿ ಮಾತ್ರ ಎರಡು ಸಾವಿರದ ಮೂರು, ಜೂನ್ ಒಂದು. ನಮ್ಮ ಕಡೆ ಹುಟ್ಟಿದ ದಿನ ಗೊತ್ತಿಲ್ಲದ ಮಕ್ಕಳಿಗೆಲ್ಲ ಮಾಸ್ತರರು ಜೂನ್ ಒಂದೇ ಬರೆಯುತ್ತಾರೆ. ಒಂದೇ ಹೆಸರು, ಒಂದೇ ತಂದೆತಾಯಿ, ಎರಡು ವಯಸ್ಸು. ದೊಡ್ಡ ಹುಡುಗಿಯನ್ನು ಸಣ್ಣವರ ನಡುವೆ ಓಡಿಸಿ ಪದಕ ಕದ್ದಿದ್ದಾರೆ ಎಂದಿತ್ತು ಅರ್ಜಿ.

ವಿಚಾರಣೆಗೆ ನಮ್ಮನ್ನು ಗೋಕಾಕಕ್ಕೆ ಕರೆಸಿದರು. ಹುಡುಗಿಯ ಮುಂಗೈ ಎಕ್ಸರೇ ಮೊದಲೇ ತೆಗೆದಿದ್ದರು. ಅದರಲ್ಲಿ ಹದಿನಾರೂ ಇರಬಹುದು, ಹದಿನೆಂಟೂ ಇರಬಹುದು ಎಂದು ಬಂದಿತ್ತು. ಮೂವರಲ್ಲಿ ಒಬ್ಬ ಹೆಣ್ಣುಮಗಳಿದ್ದಳು. ಅವಳೇನು ಕೆಟ್ಟವಳಲ್ಲ. ನಮಗೆ ದಾರಿ ತೋರಿಸುವವಳ ಹಾಗೆ ಕೇಳಿದಳು: “ಅಜ್ಜಿ, ಈ ಮನೆಯಲ್ಲಿ ಇದೇ ಹೆಸರಿನ ಬೇರೆ ಮಗು ಇತ್ತೇ? ತೀರಿಕೊಂಡಿದೆಯೇ? ಇದ್ದರೆ ಹೇಳಿ, ನಾವು ಬರೆದುಕೊಳ್ಳುತ್ತೇವೆ.”

ಬೀರಸಿದ್ದಪ್ಪ ನೆಲ ನೋಡಿದ. ಸೀತವ್ವ ನನ್ನನ್ನು ನೋಡಿದಳು. ದ್ರಾಕ್ಷಾಯಿಣಿಯೂ ನನ್ನನ್ನೇ ನೋಡಿದಳು.

“ಇಲ್ಲರಿ” ಎಂದೆ. “ನಮಗ ಇದ ಒಂದ ಕೂಸು.”

ಇತ್ತು. ಇದೇ ಹೆಸರಿನ ಕೂಸು ಇತ್ತು.

ಶ್ರಾವಣದಲ್ಲಿ ಹುಟ್ಟಿದ ಮೊದಲ ಹುಡುಗಿ ಅದು. ಅಂಗನವಾಡಿಯಾಕೆ ಮನೆಗೆ ಬಂದು ಹೆಸರು ಬರೆಸಿಕೊಂಡು ಹೋಗಿದ್ದಳು. ಒಂದೂವರೆ ವರ್ಷದ್ದಾದಾಗ ನಾವೆಲ್ಲ ಕುರಿ ಹೊಡೆದುಕೊಂಡು ಹುಕ್ಕೇರಿ ಕಡೆ ಹೋಗಿದ್ದೆವು. ಹತ್ತರಗಿಯ ಹತ್ತಿರ ಹೆದ್ದಾರಿಯ ಬಾಜೂ ಒಬ್ಬರ ಹೊಲದಲ್ಲಿ ಗೊಬ್ಬರಕ್ಕೆಂದು ರಾತ್ರಿ ಕುರಿ ತರುಬಿ ನಿಲ್ಲಿಸಿದ್ದೆವು. ಅಲ್ಲಿ ಕೂಸು ತೀರಿತು. ಹೊಲದ ಬದುವಿನಲ್ಲಿ ಮಣ್ಣು ಮಾಡಿದೆವು. ಪಂಚಾಯ್ತಿಯಲ್ಲಿ ಸಾವು ಬರೆಸಬೇಕೆಂದು ನಮಗಾರಿಗೂ ಹೊಳೆಯಲಿಲ್ಲ. ಮುಂದೆ ರಸ್ತೆ ಅಗಲ ಮಾಡಿದಾಗ ಆ ಬದುವು ಡಾಂಬರಿನ ಕೆಳಗೆ ಹೋಯಿತು.

ಅದೇ ವರ್ಷ ಕಬ್ಬು ಕಡಿಯುವ ಹಂಗಾಮಿನಲ್ಲಿ, ಕೌಜಲಗಿಯ ಹತ್ತಿರ ಹಟ್ಟಿ ಹಾಕಿದ್ದಾಗ, ಸೀತವ್ವ ಇನ್ನೊಂದು ಹೆಣ್ಣು ಹಡೆದಳು. ಅದೇ ಮೂಗು, ಅದೇ ಎಡಗಿವಿಯ ಮಡಿಕೆ. ನಮ್ಮ ಹಟ್ಟಿಯವರಲ್ಲಿ ಹೋದ ಕೂಸು ತಿರುಗಿ ಬಂದಿದೆ ಎಂದು ಕಂಡರೆ ಅದೇ ಹೆಸರು ಇಡುತ್ತಾರೆ. ಹೆಸರು ತಿರುಗಿ ಇಟ್ಟ ಮೇಲೆ ಮೊದಲಿನ ಕೂಸಿನ ಮಾತು ಯಾರೂ ಎತ್ತಬಾರದು. ತಿರುಗಿ ಬಂದದ್ದಕ್ಕಂತೂ ಎಂದೂ ಹೇಳಬಾರದು. ನೀನು ಒಮ್ಮೆ ಹೋಗಿ ಬಂದವಳು ಎಂದು ಬಾಯಿಬಿಟ್ಟು ಹೇಳಿದರೆ ಅದಕ್ಕೆ ಹೋಗುವ ದಾರಿ ನೆನಪಾಗುತ್ತದೆ. ಹಾಗೆಂದು ನನ್ನ ಅತ್ತೆ ನನಗೆ ಹೇಳಿದ್ದಳು, ನಾನು ಸೀತವ್ವನಿಗೆ ಹೇಳಿದ್ದೆ. ಹದಿನಾರು ವರ್ಷ ನಮ್ಮ ಮನೆಯಲ್ಲಿ ಆ ಮಾತು ಬಂದಿರಲಿಲ್ಲ. ದ್ರಾಕ್ಷಾಯಿಣಿಗೆ ತನಗೊಬ್ಬ ಅಕ್ಕ ಇದ್ದಳೆಂದೇ ಗೊತ್ತಿಲ್ಲ.

ಖರೆ ಹೇಳಬೇಕೆಂದರೆ ಅವಳು ಶಾಲೆಯ ದಾಖಲೆಗಿಂತಲೂ ಅರ್ಧ ವರ್ಷ ಸಣ್ಣವಳು.

ಗೋಕಾಕದಿಂದ ತಿರುಗಿ ಬರುವಾಗ ಬಸ್ಸಿನಲ್ಲಿ ನನ್ನ ಪಕ್ಕ ಕುಳಿತಳು.

“ಆಯಿ, ನಾ ಯಾವಾಗ ಹುಟ್ಟೇನಿ?”

“ಕಬ್ಬ ಕಡ್ಯಾಕತ್ತಿದ್ರವಾ.”

“ಯಾವ ವರ್ಷ?”

“ವರ್ಷ ನನಗೇನ ತಿಳೀತೈತಿ. ನಾ ಸಾಲಿ ಕಲ್ತೇನೇನ?”

“ಅವ್ರು ಸುಳ್ಳ ಬರದಾರೇನ, ಇಲ್ಲಾ ನೀವ ಸುಳ್ಳ ಬರಸೀರಿ? ಇಷ್ಟ ಹೇಳ. ನಿನ್ನ ಮ್ಯಾಲ ಸಿಟ್ಟಾಗೂದಿಲ್ಲ.”

ನಾನು ಕಿಟಕಿಯ ಕಡೆ ಮುಖ ಮಾಡಿದೆ. ಅವಳು ಮತ್ತೆ ಕೇಳಲಿಲ್ಲ. ಕುಲಗೋಡ ಬಂದಾಗ ನನ್ನ ಕೈ ಹಿಡಿದು ಇಳಿಸಿದಳು. ಅಷ್ಟೇ. ಆಮೇಲೆ ಬಹಳ ದಿನ ನನ್ನ ಕೈ ಮುಟ್ಟಲಿಲ್ಲ.

ಪದಕ ತಿರುಗಿ ಕಳಿಸಬೇಕಾಯಿತು. ಎರಡು ವರ್ಷ ಎಲ್ಲಿಯೂ ಓಡುವಂತಿಲ್ಲ. ಗಫಾರ ಸರ್ ಇನ್ನು ಮೇಲೆ ತಂಡ ಒಯ್ಯುವಂತಿಲ್ಲ. ಆ ಎರಡು ವರ್ಷ ಅವಳು ಕಾಲುವೆ ದಂಡೆಯಲ್ಲಿ ಒಬ್ಬಳೇ ಓಡಿದಳು. ನಾನು ಕೋಲು ಹಿಡಿದು ಹೋದರೆ, “ಬ್ಯಾಡ, ನಾಯಿ ನನಗೇನ ಮಾಡೂದಿಲ್ಲ” ಎನ್ನುತ್ತಿದ್ದಳು. ನಿಷೇಧ ಮುಗಿದ ಮೇಲೆ ದೊಡ್ಡವರ ಜೊತೆ ಓಡಿದಳು. ರಾಜ್ಯದ ಆಟದಲ್ಲಿ ಅರವತ್ತು ಮೀಟರಿನವರೆಗೂ ಮುಂದೆ ಇದ್ದವಳ ತೊಡೆಯ ಹಿಂದಿನ ನರ ಹರಿಯಿತು. ಒಂದೇ ಕಾಲಲ್ಲಿ ಕುಂಟುತ್ತ ಗೆರೆ ಮುಟ್ಟಿದಳಂತೆ. ಕೂತ ಮಂದಿಯಲ್ಲಿ ಯಾರೋ, “ಅಜ್ಜಿ ಬಂದ್ಲು ನೋಡ್ರೋ, ದಾರಿ ಬಿಡ್ರಿ” ಎಂದು ಕೂಗಿದರಂತೆ. ಅವಳಿಗೆ ಆಗ ಇನ್ನೂ ಹತ್ತೊಂಬತ್ತು ತುಂಬಿರಲಿಲ್ಲ. ಅಲ್ಲಿಗೆ ಓಟ ಮುಗಿಯಿತು. ಆಟದ ಶಿಕ್ಷಣದ ಪರೀಕ್ಷೆ ಮುಗಿಸಿ, ಹತ್ತರಗಿಯ ಒಂದು ಖಾಸಗಿ ಶಾಲೆಯಲ್ಲಿ ನೌಕರಿ ಹಿಡಿದಳು. ದೇಶದಲ್ಲಿ ಎಷ್ಟು ಊರಿದ್ದವು! ಅವಳಿಗೆ ಸಿಕ್ಕದ್ದು ಆ ಊರು. ದಿನಾ ಆ ರಸ್ತೆಯ ಬದಿಗೇ ನಡೆದು ಶಾಲೆಗೆ ಹೋಗುತ್ತಾಳೆ.

ನಾನು ಅಕ್ಷರ ಕಲಿಯಲು ಹೋದದ್ದು ವಿಚಾರಣೆ ಮುಗಿದ ಮರು ವರ್ಷ. ಅಂಗನವಾಡಿಯ ಕೋಣೆಯಲ್ಲಿ ಸಂಜೆ ಊಟವಾದ ಮೇಲೆ ದೊಡ್ಡವರಿಗೆ ಪಾಠ ನಡೆಯುತ್ತಿತ್ತು. ಕಲಿಸುವವಳು ತಸ್ಲೀಮ ಎಂಬ ಹುಡುಗಿ. ಎಲ್ಲರೂ ಅ, ಆ ಬರೆಯುತ್ತಿದ್ದರೆ ನಾನು, “ನನಗ ‘ದ್ರಾ’ ತೋರಸ” ಎಂದೆ.

“ಅದಕ್ಕ ಇನ್ನ ಆರ ತಿಂಗಳ ಐತ್ರಿ ಆಯಿ. ಮೊದಲ ‘ದ’ ಕಲೀರಿ” ಎಂದು ನಕ್ಕಳು.

ನನ್ನ ಲೆಕ್ಕ ಬೇರೆಯೇ ಇತ್ತು. ಬಾಯಿಬಿಟ್ಟು ಹೇಳಬಾರದು ಎಂದಷ್ಟೇ ಅತ್ತೆ ಹೇಳಿದ್ದು. ಬರೆಯಬಾರದು ಎಂದಿರಲಿಲ್ಲ. ಬರೆಯುವುದು ಅವಳ ಕಾಲದಲ್ಲಿ ಯಾರಿಗೆ ಬರುತ್ತಿತ್ತು? ಇನ್ನೊಬ್ಬರ ಕೈಯಿಂದ ಬರೆಸಿದರೆ ಮೊದಲು ಬಾಯಿಂದ ಹೇಳಬೇಕಾಗುತ್ತದೆ. ಅದಕ್ಕೇ ನಾನೇ ಕಲಿಯಬೇಕಿತ್ತು. ಎರಡು ವರ್ಷ ಹಿಡಿಯಿತು. ಮೊದಲ ಪತ್ರ ಬರೆದು ಮುಗಿಸಿದಾಗ ಅವಳ ನಿಷೇಧದ ಅವಧಿಯೂ ಮುಗಿದಿತ್ತು.

ಆದರೂ ಕಳಿಸಲಿಲ್ಲ. ಹನ್ನೊಂದು ಸಲ ಬರೆದೆ, ಹನ್ನೊಂದು ಸಲವೂ ಇಟ್ಟುಕೊಂಡೆ. ಬರೆದರೂ ಹೇಳಿದಂತೆಯೇ ಆದೀತು, ಇದ್ದೊಬ್ಬಳೂ ಹೋದಾಳು ಎಂದು ಮನಸ್ಸಿಗೆ ಹೇಳಿಕೊಂಡೆ. ಹೇಳಿಕೊಳ್ಳಲು ಅದು ಸುಲಭದ ಹೆದರಿಕೆ.

ಗಫಾರ ಸರ್ ಹೋದ ಆ ಮಧ್ಯಾಹ್ನ ಪೆಟ್ಟಿಗೆಯಿಂದ ಕೊನೆಯ ಪತ್ರ ತೆಗೆದು ಪಡಸಾಲೆಯಲ್ಲಿ ಕುಳಿತೆ. ಸೀತವ್ವ ಬಂದು ಎದುರಿಗೆ ಕುಳಿತಳು. ಅವಳಿಗೆ ಓದು ಬಾರದು.

“ಅದರಾಗ ಏನ ಬರದೀರಿ ಅತ್ತಿ?”

ಓದಿ ಹೇಳುವಂತಿಲ್ಲ ಎಂದು ಅವಳಿಗೂ ಗೊತ್ತು. ನಾನು ಸುಮ್ಮನೆ ಕಾಗದ ಮುಂದೆ ಹಿಡಿದೆ.

“ಅಕಿ ಹೆಸರು ಎಲ್ಲಿ ಐತಿ? ತೋರಸ್ರಿ.”

ತೋರಿಸಿದೆ. ಬೆರಳು ಸೀರೆಗೆ ಒರೆಸಿಕೊಂಡು ಆ ಅಕ್ಷರಗಳ ಮೇಲೆ ಮೆಲ್ಲಗೆ ಇಟ್ಟಳು.

“ಇದು ಯಾರದು? ದೊಡ್ಡಾಕಿದೊ, ಸಣ್ಣಾಕಿದೊ?”

“ದೊಡ್ಡಾಕಿದು.”

ಇಪ್ಪತ್ತೆರಡು ವರ್ಷದಲ್ಲಿ ನಾವಿಬ್ಬರೂ ಆ ಕೂಸನ್ನು ಕುರಿತು ಆಡಿದ ಮೊದಲ ಮಾತು ಅದು. ಸೀತವ್ವ ಬೆರಳು ತೆಗೆಯಲಿಲ್ಲ. ಒಲೆಯ ಮೇಲೆ ಬೇಳೆ ಉಕ್ಕಿ ಸುಂಯ್ ಎಂದರೂ ಏಳಲಿಲ್ಲ.

“ಹ್ಯಾಂಗ ಹೋತು ಅಂತ ಬರದೀರಿ?”

“ಜ್ವರ ಬಂದು ಹೋತು ಅಂತ.”

ಸೀತವ್ವ ತಲೆ ಎತ್ತಿ ನನ್ನನ್ನು ನೋಡಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

“ಜ್ವರ ಆಮ್ಯಾಲ ಬಂತಲ್ರಿ ಅತ್ತಿ” ಎಂದಳು.

ಹೌದು. ಮೊದಲು ಬಂದದ್ದು ಹೊಟ್ಟೆ ಉಬ್ಬರ. ಕೂಸು ಎರಡು ದಿನ ಹಾಲು ಮುಟ್ಟಲಿಲ್ಲ. ಸೀತವ್ವ ನನ್ನ ಕಾಲು ಹಿಡಿದು, “ಹುಕ್ಕೇರಿ ದವಾಖಾನಿಗೆ ಹೋಗೂಣ್ರಿ” ಎಂದಳು. ಬಸ್ಸು ಹಿಡಿದರೆ ದೂರವೇನಿರಲಿಲ್ಲ. “ನಾ ನಾಕ ಮಕ್ಕಳನ್ನ ಹಡದೇನಿ, ನನಗ ಕಲಸಬ್ಯಾಡ” ಎಂದು ನಾನೇ ಬಿಡಲಿಲ್ಲ. ಕಂಬಳಿ ಹೊಲಿಯುವ ದಬ್ಬಣವನ್ನು ಕೆಂಪಗೆ ಕಾಸಿ ಕೂಸಿನ ಹೊಟ್ಟೆಗೆ ಮೂರು ಬರೆ ಹಾಕಿದೆ. ನನ್ನ ನಾಲ್ಕೂ ಮಕ್ಕಳಿಗೆ ಹಾಕಿದ್ದೆ, ಅವು ಉಳಿದಿದ್ದವು. ಇದಕ್ಕೆ ಬರೆ ಕೀವು ತುಂಬಿತು, ಜ್ವರ ಏರಿತು. ನಾಲ್ಕನೆಯ ದಿನ ನಸುಕಿಗೆ ಹೋಯಿತು.

ಗೋಕಾಕದಲ್ಲಿ ಆ ಹೆಣ್ಣುಮಗಳು ಕೇಳಿದಾಗ ನನ್ನ ಬಾಯಿ ಕಟ್ಟಿದ್ದು ಇದು. ಕೂಸು ಇತ್ತು ಎಂದರೆ, ಹೇಗೆ ಹೋಯಿತು ಎಂದು ಕೇಳುತ್ತಾರೆ. ಪೊಲೀಸರು ಬಂದಾರು ಎಂದು ಹೆದರಿದೆ. ಅದಕ್ಕಿಂತ ಹೆಚ್ಚಾಗಿ ಎದುರಿಗೆ ನಿಂತ ಮೊಮ್ಮಗಳು ನನ್ನ ಕೈಗಳ ಕಡೆ ನೋಡಿಯಾಳು ಎಂದು ಹೆದರಿದೆ. ಅವಳ ಪದಕ ಕೊಟ್ಟು ನನ್ನ ಮುಖ ಉಳಿಸಿಕೊಂಡೆ. ಹನ್ನೊಂದು ಪತ್ರದಲ್ಲೂ ಜ್ವರ ಎಂದೇ ಬರೆದೆ. ಒಂದು ಸುಳ್ಳು ತೆಗೆಯಲು ಹೋಗಿ ಇನ್ನೊಂದು ಬರೆದರೆ ಆ ಕಾಗದವನ್ನು ಅಂಚೆಪೆಟ್ಟಿಗೆಗೆ ಹಾಕಲು ಕೈ ಹೇಗೆ ಬಂದೀತು?

“ಬರಿ ಹಾಕಿದ್ದನ್ನ ಬರೀರಿ” ಎಂದಳು ಸೀತವ್ವ.

“ಬರದ್ರ ಅಕಿ ಮತ್ತ ಈ ಮನಿ ಹೊಸ್ತಿಲಾ ತುಳ್ಯೂದಿಲ್ಲ, ಸೀತಾ.”

“ಈಗ ತುಳ್ಯಾಕತ್ತಾಳೇನ್ರಿ?”

ನಾನು ಕಾಗದವನ್ನು ಅವಳ ಬೆರಳ ಕೆಳಗಿನಿಂದ ಎಳೆದುಕೊಂಡು ಮಡಿಸಿದೆ.

“ಅಕಿ ತಾನ ಕಳ್ಳಿ ಅಂತ ಬರಕೊಂಡಾಳ್ರಿ ಅತ್ತಿ. ಸರ ಹೇಳೂದು ನಾ ಒಳಗ ಕೇಳಿದೆ. ಒಂದ ಹುಡಿಗೀನ ಹುಗದ ಬಂದ್ವಿ. ಇದೊಂದನ್ನ ಜೀವಂತ ಹುಗೀಬೇಕೇನ್ರಿ?” ಎಂದಳು. “ಮತ್ತ... ಕಾಲ ಹಿಡದಾಕಿ ನಾನ ಅಂತ ಅದನ್ನೂ ಬರೀರಿ. ನೀವು ಬರಿ ಹಾಕುವಾಗ ಕೂಸಿನ ಕಾಲ ನಾ ಹಿಡದಿದ್ನಿ. ನೀವೊಬ್ಬರ ಹೊತ್ಕೋಬ್ಯಾಡ್ರಿ” ಎಂದಳು.

ಎದ್ದು ಹೋಗಿ ಬೇಳೆಯ ಕೆಳಗಿನ ಬೆಂಕಿ ಹಿಂದಕ್ಕೆ ಎಳೆದಳು. ಅಲ್ಲಿಯೇ ಒಲೆಯ ಮುಂದೆ ಬೆನ್ನು ಹಾಕಿ ಕುಳಿತಳು. ನಾನು ಹೊಸ ಹಾಳೆ ತೆಗೆದೆ.

ಸಂಜೆಯ ತನಕ ಹಿಡಿಯಿತು. ನನ್ನ ಅಕ್ಷರ ದೊಡ್ಡವು, ಸಾಲು ಕೆಳಗೆ ಇಳಿಯುತ್ತವೆ. ಬರೆದದ್ದು ಇಷ್ಟು:

‘ದ್ರಾಕ್ಷಾಯಿಣಿಗೆ ನಿನ್ನ ಆಯಿ ಶಿವವ್ವ ಬರೆಯುವುದು. ನೀನು ಸುಳ್ಳು ಹೇಳಿ ಓಡಿಲ್ಲ. ಪಂಚಾಯ್ತಿಯ ಪುಸ್ತಕದಲ್ಲಿ ಇರುವುದು ನಿನ್ನ ಅಕ್ಕನ ಹೆಸರು. ಆಕೆ ತೀರಿದ ಮೇಲೆ ಅದೇ ಹೆಸರು ನಿನಗೆ ಇಟ್ಟೆವು. ಆಕೆಯ ಹೊಟ್ಟೆಗೆ ನಾನು ಬರೆ ಹಾಕಿದೆ. ಅದರಿಂದ ತೀರಿದಳು. ಆಗ ಕೂಸಿನ ಕಾಲು ನಿಮ್ಮವ್ವ ಹಿಡಿದಿದ್ದಳು, ಇದನ್ನೂ ಬರೆಯಿರಿ ಎಂದು ಆಕೆಯೇ ಹೇಳಿದಳು. ಆದರೆ ದವಾಖಾನೆಗೆ ಹೋಗೋಣ ಎಂದವಳೂ ಆಕೆಯೇ. ಬೇಡ ಎಂದವಳು ನಾನು. ಇದು ಹೊರಗೆ ಬೀಳುತ್ತದೆಂದು ಹೆದರಿ ಗೋಕಾಕದಲ್ಲಿ ಇಲ್ಲ ಎಂದೆ. ನೀನು ಹುಟ್ಟಿದ್ದು ಎರಡು ಸಾವಿರದ ಮೂರನೆಯ ಇಸವಿಯ ಕಬ್ಬಿನ ಹಂಗಾಮಿನಲ್ಲಿ, ಕೌಜಲಗಿಯ ಹತ್ತಿರ. ಓಡಿದಾಗ ನಿನಗೆ ಹದಿನೈದು ತುಂಬಿತ್ತು. ಆ ಬಂಗಾರ ನಿನ್ನದೇ. ಈ ಕಾಗದ ಯಾರಿಗೆ ಬೇಕಾದರೂ ತೋರಿಸು. ಕೇಳಿದಲ್ಲಿ ಬಂದು ಹೇಳುತ್ತೇನೆ, ಬಾಯಿಂದಲೇ ಹೇಳುತ್ತೇನೆ. ಅರ್ಜಿಯಲ್ಲಿ ಬರೆದದ್ದನ್ನು ಹೊಡೆದು ಹಾಕು. ನನ್ನನ್ನು ನೋಡಲು ಬಾ ಎಂದು ಬರೆಯುವುದಿಲ್ಲ.’

ಕೆಳಗೆ ಸಹಿ ಮಾಡಿದೆ. ಸಹಿಯ ಬಾಜೂ ಹೆಬ್ಬೆಟ್ಟನ್ನೂ ಒತ್ತಿದೆ. ಗೋಕಾಕದ ಕಾಗದದಲ್ಲಿ ಇರುವುದು ಹೆಬ್ಬೆಟ್ಟು ತಾನೆ, ಅದೇ ಬೆರಳು ಎಂದು ಅವರಿಗೆ ತಿಳಿಯಬೇಕು.

ಮರುದಿನ ಒಂಬತ್ತರ ಬಸ್ಸಿಗೆ ಮೂಡಲಗಿಗೆ ಹೊರಟೆ. ನಾನು ಕರೆಯದಿದ್ದರೂ ಸೀತವ್ವ ಕೂಡ ಬಂದಳು. ಅಂಚೆ ಕಚೇರಿಯ ಹುಡುಗ ಲಕೋಟೆ ತೂಗಿ, ಹಿಂದೆ ಮುಂದೆ ತಿರುಗಿಸಿ ನೋಡಿದ.

“ಹತ್ತರಗಿಗೇನ್ರಿ ಅಜ್ಜಿ? ಇಲ್ಲೇ ಐತಲ್ರಿ. ಫೋನ ಹಚ್ಚಿದ್ರ ಮುಗೀತಿತ್ತು.”

“ಫೋನಿನಾಗ ಹೇಳೂದಲ್ಲಪಾ ಅದು.”

“ಸ್ಪೀಡ್ ಪೋಸ್ಟ್ ಮಾಡ್ತೇನಿ. ನಾಳಿ ಇಲ್ಲಾ ನಾಡದ ಅವ್ರ ಕೈಗೆ ಮುಟ್ಟತೈತಿ.”

ಅವನು ಯಂತ್ರದಿಂದ ಒಂದು ಚೀಟಿ ತೆಗೆದು ಲಕೋಟೆಗೆ ಅಂಟಿಸಿದ. ನನ್ನ ಕೈ ಇನ್ನೂ ಕಿಟಕಿಯ ಕಟ್ಟೆಯ ಮೇಲೇ ಇತ್ತು. ಒಂದು ಗೇಣು ದೂರದಲ್ಲಿ, ಅವನ ಮೊಣಕೈಯ ಬಾಜೂ, ಲಕೋಟೆ ಬಿದ್ದಿತ್ತು. ನಾನು ಹಿಂದಿನವರಿಗೆ ದಾರಿ ಬಿಡದೆ ನಿಂತದ್ದನ್ನು ನೋಡಿ ಅವನು ನಕ್ಕ.

“ಯಾಕ್ರಿ ಅಜ್ಜಿ, ತಿರುಗಿ ಬೇಕೇನ್ರಿ? ಇನ್ನ ಚೀಲಕ್ಕ ಹಾಕಿಲ್ಲ ನೋಡ್ರಿ.”

ನನ್ನ ಕೈ ಲಕೋಟೆಯ ಕಡೆ ಎರಡು ಬೆರಳಷ್ಟು ಸರಿಯಿತು.

“ಬ್ಯಾಡ” ಎಂದಳು ಸೀತವ್ವ, ನನ್ನ ಬೆನ್ನ ಹಿಂದಿನಿಂದ. “ಹಾಕಪಾ ಚೀಲಕ್ಕ.”

ಹುಡುಗ ಲಕೋಟೆ ಎತ್ತಿ, ನೋಡದೆಯೇ, ಹಿಂದಿದ್ದ ಚೀಲಕ್ಕೆ ಎಸೆದ.